ಬಾಲಚರ: ಚರದಿಂದ ಚಾರಿತ್ರದವರೆಗೆ

ಕನ್ನಡದಲ್ಲಿ ‘ಮಾಣಿ’ ಎಂಬ ಶಬ್ದಕ್ಕೆ ಹುಡುಗ, ವಟು ಎಂಬ ಅರ್ಥಗಳಿವೆ. ಸಂಸ್ಕೃತದ ‘ಮಾಣವಕ’ ಇದರ ಬಂಧು. ಹವ್ಯಕರ ಆಡುನುಡಿಯಲ್ಲಿ ಇಂದಿಗೂ ಮನೆಯ ಮಗನನ್ನು ಮಾಣಿ ಎಂದೇ ಕರೆಯುತ್ತಾರೆ. ಹಳೆಯ ಹೋಟೆಲುಗಳಲ್ಲಿ ತಿಂಡಿ ತಂದುಕೊಡುವ ಹುಡುಗನೂ ಮಾಣಿಯೇ. ಬಂಟ್ವಾಳ ತಾಲ್ಲೂಕಿನಲ್ಲಿ ಇದೇ ಹೆಸರಿನ ಊರೊಂದಿದೆ. ಮಂಗಳೂರಿನಿಂದ ಹೊರಟ ಹೆದ್ದಾರಿ ಕಲ್ಲಡ್ಕವನ್ನು ದಾಟಿ ಈ ಊರಿಗೆ ಬಂದಾಗ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಉಪ್ಪಿನಂಗಡಿಯ ಮೂಲಕ ಘಟ್ಟವನ್ನೇರಿ ಬೆಂಗಳೂರಿಗೆ ಹೋದರೆ, ಇನ್ನೊಂದು ಪುತ್ತೂರು, ಸುಳ್ಯ, ಮಡಿಕೇರಿಗಳ ಮೂಲಕ ಮೈಸೂರಿಗೆ ಹೋಗುತ್ತದೆ. ಹುಡುಗರ ಸಂಘಟನೆಯೊಂದರ ಬಗೆಗೆ ಯೋಚಿಸಲು ‘ಹುಡುಗ’ ಎಂಬ ಅರ್ಥದ ಹೆಸರನ್ನು ಹೊತ್ತ ಈ ಕವಲುದಾರಿ ತಕ್ಕ ಸ್ಥಳವಾಗಿದೆ. ಕನ್ನಡ ನಾಡಿನಲ್ಲಿ ಸ್ಕೌಟ್ ಚಳವಳಿ ಬೇರೂರಿದ್ದು ಈ ಎರಡೂ ದಾರಿಗಳ ಕೊನೆಯ ಊರುಗಳಲ್ಲಿ ಎಂಬುದು ಗಮನಾರ್ಹ.

ರಾಬರ್ಟ್ ಬೇಡನ್ ಪೊವೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿ 1907ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಕೂಡಿಸಿ ಶಿಬಿರವೊಂದನ್ನು ನಡೆಸಿದನು. ಸಿರಿವಂತರ ಶಾಲೆಗಳ ಹುಡುಗರೂ ದುಡಿಯುವ ಕುಟುಂಬಗಳ ಹುಡುಗರೂ ಅಲ್ಲಿ ಒಂದೇ ಡೇರೆಯಲ್ಲಿ ಮಲಗಿದರು. ಮರುವರ್ಷ ಅವನ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಗ್ರಂಥವು ಕಂತುಕಂತಾಗಿ ಪ್ರಕಟವಾಯಿತು. ಅದಾದ ಒಂದೇ ವರ್ಷದಲ್ಲಿ, 1909ರಲ್ಲಿ, ಕ್ಯಾಪ್ಟನ್ ಟಿ. ಎಚ್. ಬೇಕರ್ ಎಂಬವನು ಬೆಂಗಳೂರಿನಲ್ಲಿ ಭಾರತದ ಮೊದಲ ದಳವನ್ನು ಆರಂಭಿಸಿದನು. ಆದರೆ ಆ ದಳದ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಕಾಡಿನಲ್ಲಿ ದಾರಿ ಹುಡುಕಲು, ಸಂಕೇತಗಳನ್ನು ಓದಲು, ತಂಡಕಟ್ಟಿ ನಡೆಯಲು ಈ ನೆಲದ ಮಕ್ಕಳಿಗೆ ಕಲಿಸುವುದೆಂದರೆ ಆಳುವವರಿಗೆ ಅಳುಕಿತ್ತು. ಎಲ್ಲರ ಸೋದರನಾಗಿರಬೇಕು ಎಂದು ಸಾರಿದ ಚಳವಳಿಯೊಂದು ಈ ದೇಶದಲ್ಲಿ ಹೊರಗಿಡುವಿಕೆಯಿಂದಲೇ ಮೊದಲಾಯಿತು.

ಆ ಬಾಗಿಲನ್ನು ತೆರೆಸಿದವರು ಭಾರತದಲ್ಲಿಯೇ ಇದ್ದರು. ವಿವಿಯನ್ ಬೋಸ್ ಅವರು ಭಾರತೀಯ ಹುಡುಗರ ದಳವನ್ನು ಕಟ್ಟಿದರು. ಆನಿ ಬೆಸೆಂಟ್ ಅವರು ಜಾರ್ಜ್ ಅರುಂಡೇಲ್ ಅವರೊಡಗೂಡಿ 1916ರಲ್ಲಿ ಮದರಾಸಿನಲ್ಲಿ ಭಾರತೀಯ ಬಾಲಕರ ಸ್ಕೌಟ್ ಸಂಘವನ್ನು ಸ್ಥಾಪಿಸಿ, ಸಮವಸ್ತ್ರದಲ್ಲಿ ಭಾರತೀಯ ಪೇಟಕ್ಕೆ ಸ್ಥಾನ ಕೊಟ್ಟರು. ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಇವರ ಪ್ರಯತ್ನದಿಂದ ಅಲಹಾಬಾದಿನಲ್ಲಿ ಸೇವಾ ಸಮಿತಿಯ ಸ್ಕೌಟ್ ಸಂಘ ಮೂಡಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1917ರಲ್ಲಿ, ಈ ಚಟುವಟಿಕೆ ನೆಲೆಗೊಂಡಿತು. ಬಂಟ್ವಾಳ, ಪುತ್ತೂರುಗಳನ್ನೊಳಗೊಂಡ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿತ್ತು. ಹೀಗಾಗಿ ಒಂದೇ ಭಾಷೆಯನ್ನಾಡುವ ಮಕ್ಕಳು ಎರಡು ಆಡಳಿತಗಳ ಕೆಳಗೆ ಬೆಳೆದರು. ಹಲವು ಹೆಸರುಗಳಲ್ಲಿ ಹರಡಿಹೋಗಿದ್ದ ಸಂಘಗಳು ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ಎಂಬ ಒಂದೇ ಸಂಸ್ಥೆಯಾದವು. ಹುಡುಗಿಯರ ಗೈಡ್ ಸಂಘ 1951ರ ಆಗಸ್ಟ್ 15ರಂದು ಅದರಲ್ಲಿ ಸೇರಿತು.

ಸ್ಕೌಟ್ ಎಂಬುದು ಮೂಲತಃ ಯುದ್ಧದ ಪರಿಭಾಷೆ. ಸೈನ್ಯಕ್ಕಿಂತ ಮುಂದೆ ಹೋಗಿ ಶತ್ರುವಿನ ಸುಳಿವನ್ನು ತಿಳಿದುಬರುವವನು ಸ್ಕೌಟ್. ಕನ್ನಡದಲ್ಲಿ ಇದಕ್ಕೆ ‘ಬೇಹುಗಾರ’, ‘ಚರ’ ಎಂಬ ಮಾತುಗಳಿವೆ. ಬೇಡನ್ ಪೊವೆಲ್ 1899ರಲ್ಲಿ ಬರೆದ ಮೊದಲ ಕೈಪಿಡಿಯೂ ಸೈನಿಕರಿಗಾಗಿಯೇ ಇತ್ತು. ದಕ್ಷಿಣ ಆಫ್ರಿಕದ ಮ್ಯಾಫೆಕಿಂಗ್ ನಗರ 217 ದಿನಗಳ ಮುತ್ತಿಗೆಗೆ ಒಳಗಾದಾಗ ಅಲ್ಲಿಯ ಹುಡುಗರು ಸುದ್ದಿ ಮುಟ್ಟಿಸುವ ಕೆಲಸವನ್ನು ನಿರ್ಭಯವಾಗಿ ಮಾಡಿದ್ದರು. ಹುಡುಗರಿಗೆ ಹೊಣೆಯನ್ನು ಒಪ್ಪಿಸಿದರೆ ಅವರು ಹಿರಿಯರಂತೆ ನಡೆದುಕೊಳ್ಳುತ್ತಾರೆ ಎಂಬ ಅರಿವು ಅಲ್ಲಿ ದೊರೆಯಿತು. ಯುದ್ಧದ ವಿದ್ಯೆಯನ್ನು ಶಾಂತಿಕಾಲದ ಶಿಕ್ಷಣವಾಗಿ ತಿರುಗಿಸಿದ್ದು ಅವನ ಸಾಧನೆ. ಭಾರತೀಯ ಭಾಷೆಗಳು ಈ ಹೆಸರನ್ನು ‘ಬಾಲಚರ’ ಎಂದು ಬದಲಿಸಿಕೊಂಡವು. ಚರ್ ಎಂಬ ಧಾತುವಿಗೆ ನಡೆ, ಸಂಚರಿಸು ಎಂದು ಅರ್ಥ. ಚರ, ಆಚಾರ, ಚರಿತೆ, ಚಾರಿತ್ರ ಈ ಎಲ್ಲವೂ ಅದರಿಂದಲೇ ಹುಟ್ಟಿದವು. ರತ್ನತ್ರಯದಲ್ಲಿ ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನಗಳ ಬಳಿಕ ಬರುವ ಮೂರನೆಯದು ಸಮ್ಯಕ್‌ಚಾರಿತ್ರ. ನಂಬಿದ್ದನ್ನೂ ತಿಳಿದದ್ದನ್ನೂ ನಡೆಯಲ್ಲಿ ತೋರಿಸುವುದೇ ಚಾರಿತ್ರ. ‘ಚರ’ನೆಂಬ ಬೇಹುಗಾರ ‘ಚಾರಿತ್ರ’ದ ಕಡೆಗೆ ನಡೆಯಬಲ್ಲನೇ ಎಂಬುದೇ ಈ ಚಳವಳಿಯ ಮುಂದಿರುವ ಪ್ರಶ್ನೆ.

ಮಾಣಿಯಂತಹ ಊರಿನ ಹುಡುಗನೊಬ್ಬ ಶಾಲೆಯ ದಳಕ್ಕೆ ಸೇರುವುದು ಬಹುಮಟ್ಟಿಗೆ ಸಮವಸ್ತ್ರದ ಆಕರ್ಷಣೆಯಿಂದ. ಬೂದುಬಣ್ಣದ ಅಂಗಿ, ಕಡುನೀಲಿ ಚಡ್ಡಿ ಅಥವಾ ಪ್ಯಾಂಟು, ಕೊರಳಿಗೆ ಸ್ಕಾರ್ಫ್, ತಲೆಗೆ ಟೊಪ್ಪಿ ಇವು ಸ್ವಾತಂತ್ರ್ಯೋತ್ಸವದ ದಿನ ಎಲ್ಲರ ಕಣ್ಣಿಗೆ ಬೀಳುತ್ತವೆ. ಬೀಡಿ ಕಟ್ಟಿ ದಿನದ ಸಂಪಾದನೆಯನ್ನು ಲೆಕ್ಕಹಾಕುವ ತಾಯಿಗೆ ಈ ಇನ್ನೊಂದು ಜೊತೆ ಬಟ್ಟೆ ಹಗುರವಾದ ಖರ್ಚಲ್ಲ. ಆದ್ದರಿಂದ ಅಣ್ಣನ ಅಂಗಿ ತಮ್ಮನಿಗೆ, ಶಾಲೆ ಬಿಟ್ಟವನ ಟೊಪ್ಪಿ ಹೊಸಬನಿಗೆ ದಾಟುತ್ತಿರುತ್ತದೆ. ಸೇರಿದ ಮೇಲೆ ಹುಡುಗನಿಗೆ ಮೊದಲು ಸಿಗುವುದು ಒಂದು ತುಂಡು ಹಗ್ಗ. ರೀಫ್, ಶೀಟ್ ಬೆಂಡ್, ಕ್ಲೋವ್ ಹಿಚ್, ಬೋಲೈನ್ ಎಂದು ಹೆಸರುಗಳನ್ನು ಉರುಹೊಡೆಯುವಾಗ ಅವು ಪರಕೀಯವೆನಿಸುತ್ತವೆ. ಬೆರಳುಗಳು ಮಾತ್ರ ಬೇಗನೆ ಗುರುತು ಹಿಡಿಯುತ್ತವೆ. ಬಾವಿಯ ಕೊಡಪಾನಕ್ಕೆ ಅಮ್ಮ ಹಾಕುವ ಕುಣಿಕೆ, ಹಟ್ಟಿಯಲ್ಲಿ ದನವನ್ನು ಗೂಟಕ್ಕೆ ಕಟ್ಟುವ ಗಂಟು, ಅಡಿಕೆ ಮರ ಹತ್ತುವವನು ಕಾಲಿಗೆ ಹಾಕಿಕೊಳ್ಳುವ ಹಗ್ಗದ ಬಳೆ ಇವೆಲ್ಲ ಅವನು ಕಂಡವೇ. ಹಗ್ಗ ಮತ್ತು ಕೋಲುಗಳಿಂದ ಸೇತುವೆ ಕಟ್ಟುವ ಪಾಠವೂ ಹಾಗೆಯೇ. ಮಳೆಗಾಲದಲ್ಲಿ ತೋಡು ದಾಟಲು ಅಡಿಕೆ ಮರದ ಕಾಲುಸಂಕ ಹಾಕುವ ಹಿರಿಯರ ಕೈಚಳಕವನ್ನು ಹುಡುಗ ಅಲ್ಲಿ ಮೊದಲ ಬಾರಿಗೆ ‘ವಿದ್ಯೆ’ ಎಂದು ಕಾಣುತ್ತಾನೆ. ಮನೆಯ ಕೆಲಸವೆಂದು ತಾತ್ಸಾರ ಮಾಡಿದ್ದಕ್ಕೆ ಶಾಲೆಯ ಅಂಗಳದಲ್ಲಿ ಗೌರವ ದೊರೆತಾಗ ಹುಡುಗನ ಕಣ್ಣಿನಲ್ಲಿ ಮನೆಯ ಬೆಲೆಯೂ ಹೆಚ್ಚುತ್ತದೆ.

ದಳವನ್ನು ಆರರಿಂದ ಎಂಟು ಮಂದಿಯ ಕಿರುತಂಡಗಳಾಗಿ ಹಂಚುವುದು ಈ ಪದ್ಧತಿಯ ಜೀವಾಳ. ಪ್ರತಿ ಕಿರುತಂಡಕ್ಕೂ ಹುಡುಗನೇ ನಾಯಕ. ನಾಯಕರೆಲ್ಲ ಕೂಡಿ ನಡೆಸುವ ಸಭೆಯಲ್ಲಿ ದಳದ ಕಾರ್ಯಕ್ರಮ, ಶಿಸ್ತು, ಹಣದ ಲೆಕ್ಕ ಚರ್ಚೆಯಾಗುತ್ತದೆ. ಅಧ್ಯಾಪಕ ಅಲ್ಲಿ ಮಾರ್ಗದರ್ಶಕ ಮಾತ್ರ. ಹದಿಮೂರು ವರ್ಷದವನೊಬ್ಬ ಹನ್ನೊಂದು ವರ್ಷದವನ ಹೊಣೆ ಹೊರುವ ಇಂತಹ ಏರ್ಪಾಡು ಶಾಲೆಯ ಬೇರೆ ಯಾವ ತರಗತಿಯಲ್ಲೂ ಇಲ್ಲ. ನೇತ್ರಾವತಿಯ ದಂಡೆಯ ಊರುಗಳಿಗೆ ಈ ಹೊಣೆಯ ಅರ್ಥ ತಿಳಿದಿದೆ. 1923ರ ಮತ್ತು 1974ರ ಪ್ರವಾಹಗಳು ಬಂಟ್ವಾಳ, ಪಾಣೆಮಂಗಳೂರುಗಳ ಜನಸ್ಮೃತಿಯಲ್ಲಿ ಇನ್ನೂ ಅಳಿದಿಲ್ಲ. ಅಂತಹ ಹೊತ್ತಿನಲ್ಲಿ ಗಂಟು ಬಿಗಿಯಬಲ್ಲ, ಗಾಯಕ್ಕೆ ಪಟ್ಟಿ ಕಟ್ಟಬಲ್ಲ, ಹೆದರಿದವರನ್ನು ಸಾಲುಗೂಡಿಸಬಲ್ಲ ಒಂದು ಹಿಡಿ ಹುಡುಗರು ಎಷ್ಟು ದೊಡ್ಡ ಆಸರೆಯೆಂಬುದನ್ನು ಹೊಳೆಯ ಬದಿಯ ಜನಕ್ಕೆ ವಿವರಿಸಬೇಕಾಗಿಲ್ಲ.

ಕೆಲವು ತಿಂಗಳ ಅಭ್ಯಾಸದ ಬಳಿಕ ಹುಡುಗ ಪ್ರತಿಜ್ಞೆ ಸ್ವೀಕರಿಸುತ್ತಾನೆ. ಈ ವಿಧಿಗೆ ದೀಕ್ಷೆ ಎಂಬ ಹೆಸರೂ ಬಳಕೆಯಲ್ಲಿದೆ. ಮೂರು ಬೆರಳುಗಳನ್ನೆತ್ತಿ ಮಾಡುವ ವಂದನೆಯು ಪ್ರತಿಜ್ಞೆಯ ಮೂರು ಭಾಗಗಳನ್ನು ಸೂಚಿಸುತ್ತದೆ: ದೇವರಿಗೂ ದೇಶಕ್ಕೂ ಸಲ್ಲಿಸುವ ಕರ್ತವ್ಯ, ಇತರರಿಗೆ ನೆರವಾಗುವುದು, ಸ್ಕೌಟ್ ನಿಯಮವನ್ನು ಪಾಲಿಸುವುದು. ಭಾರತದ ಪ್ರತಿಜ್ಞೆಯಲ್ಲಿ ಒಂದು ಸೂಕ್ಷ್ಮವಾದ ಅವಕಾಶವಿದೆ. ಇಚ್ಛಿಸುವವರು ‘ದೇವರು’ ಎಂಬ ಮಾತಿನ ಬದಲು ‘ಧರ್ಮ’ ಎಂದು ಹೇಳಬಹುದು. ಸೃಷ್ಟಿಕರ್ತನನ್ನು ಒಪ್ಪದ ಜೈನ, ಬೌದ್ಧ ಪರಂಪರೆಗಳಿರುವ ನಾಡಿನಲ್ಲಿ ಇದು ಕೇವಲ ಶಬ್ದದ ವಿನಿಮಯವಲ್ಲ. ಹನ್ನೊಂದು ವರ್ಷದ ಬಾಲಕನ ಬಾಯಲ್ಲಿಯೂ ತನಗೆ ಸತ್ಯವಲ್ಲದ ಮಾತು ಬರಬಾರದೆಂಬ ಎಚ್ಚರ ಅದರಲ್ಲಿದೆ. ಪ್ರತಿಜ್ಞೆಯ ಮೊದಲ ಮಾತೇ ಸುಳ್ಳಾದರೆ ಉಳಿದ ಮಾತುಗಳಿಗೆ ಬೆಲೆಯೆಲ್ಲಿ?

ಪ್ರತಿಜ್ಞೆಯಲ್ಲಿರುವ ‘ಶಕ್ತಿಮೀರಿ ಪ್ರಯತ್ನಿಸುತ್ತೇನೆ’ ಎಂಬ ಭಾವವೂ ವಿಚಾರಾರ್ಹ. ಅದು ಪೂರ್ಣತೆಯ ಘೋಷಣೆಯಲ್ಲ, ಪ್ರಯತ್ನದ ಒಪ್ಪಂದ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವ್ರತವನ್ನು ಅಣು, ಮಹತ್ ಎಂದು ಎರಡಾಗಿ ವಿಂಗಡಿಸುತ್ತಾರೆ. ಪೂರ್ಣವಾಗಿ ತೊರೆಯುವುದು ಮಹಾವ್ರತ, ಅಂಶತಃ ತೊರೆಯುವುದು ಅಣುವ್ರತ. ಮನೆಯಲ್ಲಿದ್ದುಕೊಂಡು ತನ್ನ ಅಳವಿಗೆ ತಕ್ಕಷ್ಟು ಪಾಲಿಸುವ ಗೃಹಸ್ಥನ ದಾರಿಯನ್ನು ಶಾಸ್ತ್ರ ಕೀಳೆಂದು ಬಗೆಯಲಿಲ್ಲ. ಈಗ ರೂಢಿಯಲ್ಲಿರುವ ಒಂಬತ್ತು ಸ್ಕೌಟ್ ನಿಯಮಗಳು ವಿಶ್ವಾಸಾರ್ಹತೆ, ನಿಷ್ಠೆ, ಎಲ್ಲರಲ್ಲಿ ಸ್ನೇಹ, ವಿನಯ, ಪ್ರಾಣಿ ಮತ್ತು ಪ್ರಕೃತಿಗಳ ಪ್ರೀತಿ, ಶಿಸ್ತು, ಧೈರ್ಯ, ಮಿತವ್ಯಯಗಳನ್ನು ಹೇಳಿ, ಕೊನೆಯಲ್ಲಿ ಮನಸ್ಸು, ಮಾತು, ಕೃತಿಗಳ ಶುದ್ಧಿಗೆ ಬಂದು ನಿಲ್ಲುತ್ತವೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದು ತ್ರಿಕರಣಶುದ್ಧಿ ಎಂಬ ಹೆಸರಿನಲ್ಲಿ ಸುಪರಿಚಿತ.

ಸಾಮ್ಯಗಳನ್ನು ಕಾಣುವಾಗ ವ್ಯತ್ಯಾಸಗಳನ್ನು ಮರೆಯಬಾರದು. ಪ್ರಾಣಿಗಳ ಮಿತ್ರನಾಗಿರಬೇಕೆಂಬ ನಿಯಮಕ್ಕೆ ಬೇಡನ್ ಪೊವೆಲ್ ಕೊಟ್ಟ ವಿವರಣೆಯು ಆಹಾರಕ್ಕಾಗಿ ಕೊಲ್ಲುವುದನ್ನು ಒಪ್ಪುತ್ತದೆ. ಅಹಿಂಸಾಣುವ್ರತ ಅದನ್ನು ಒಪ್ಪುವುದಿಲ್ಲ. ಹೆಜ್ಜೆಗುರುತನ್ನು ಓದುವ ಪಾಠದಲ್ಲಿ ಬಾಲಚರನು ನೆಲವನ್ನು ನೋಡುತ್ತ ನಡೆಯುತ್ತಾನೆ. ಈರ್ಯಾಸಮಿತಿಯನ್ನು ಪಾಲಿಸುವ ಮುನಿಯೂ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾನೆ. ಮೊದಲನೆಯವನು ನೋಡುವುದು ಪತ್ತೆಹಚ್ಚಲು, ಎರಡನೆಯವನು ನೋಡುವುದು ಜೀವವನ್ನು ತುಳಿಯದಿರಲು. ಆದರೆ ಕಾಲಡಿಯ ನೆಲವನ್ನೇ ನೋಡದೆ ಓಡುವ ಕಾಲದಲ್ಲಿ ಈ ಇಬ್ಬರೂ ಎಚ್ಚರದ ಕಡೆಗೇ ಸೇರಿದವರು. ಇರುವೆ ಸಾಲನ್ನು ಗಮನಿಸಲು ಕಲಿತ ಹುಡುಗ ಅದನ್ನು ದಾಟಿ ನಡೆಯಲು ಕಲಿಯುವುದು ಮುಂದಿನ ಹೆಜ್ಜೆಯಷ್ಟೆ.

ಚಳವಳಿಯ ಅತ್ಯಂತ ಸರಳವಾದ ಮತ್ತು ಅತ್ಯಂತ ಕಠಿಣವಾದ ವಿಧಿಯೆಂದರೆ ದಿನಕ್ಕೊಂದು ಸತ್ಕಾರ್ಯ. ಅದರ ನೆನಪಿಗಾಗಿ ಸ್ಕಾರ್ಫಿನ ತುದಿಗೆ ಗಂಟು ಹಾಕುವ ರೂಢಿಯಿದೆ. ಹೊಸದಾಗಿ ಸೇರಿದ ಹುಡುಗರು ದಳದ ಅಧ್ಯಾಪಕರ ಬಳಿ ಬಂದು ಹೇಳುವ ಮಾತೊಂದಿದೆ: “ಸರ್, ಇವತ್ತು ಉಪಕಾರ ಮಾಡ್ಲಿಕ್ಕೆ ಯಾರೂ ಸಿಗಲಿಲ್ಲ.” ಅದಕ್ಕೆ ಒಳ್ಳೆಯ ಅಧ್ಯಾಪಕ ಕೊಡುವ ಉತ್ತರ, “ಮನೆಯಲ್ಲಿ ಅಜ್ಜಿ ಇಲ್ವಾ ಮಾರಾಯ?” ಎಂಬುದು. ಹೆದ್ದಾರಿಯಲ್ಲಿ ಮುದುಕರನ್ನು ಕೈಹಿಡಿದು ದಾಟಿಸುವ ಚಿತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡ ಹುಡುಗನಿಗೆ, ಬಾವಿಯಿಂದ ಒಂದು ಕೊಡ ನೀರು ಸೇದಿಡುವುದೂ ಸತ್ಕಾರ್ಯವೆಂದು ತಿಳಿಯಲು ಸಮಯ ಬೇಕು. ಯಾರೂ ನೋಡದಿದ್ದರೂ, ಯಾರಿಗೂ ಹೇಳದಿದ್ದರೂ ಅದು ಲೆಕ್ಕಕ್ಕೆ ಸೇರುತ್ತದೆಯೆಂದು ತಿಳಿಯಲು ಇನ್ನಷ್ಟು ಸಮಯ ಬೇಕು.

ಇಲ್ಲಿ ಗುಣಭದ್ರಾಚಾರ್ಯರ ಉತ್ತರಪುರಾಣದ ಖದಿರಸಾರನ ಕಥೆ ಸ್ಮರಣೀಯ. ವಿಂಧ್ಯದ ಕಾಡಿನ ಬೇಡನಾದ ಅವನಿಗೆ ಮುನಿಯೊಬ್ಬರು ಮಾಂಸತ್ಯಾಗವನ್ನು ಬೋಧಿಸಿದಾಗ, ಅದು ತನ್ನಿಂದಾಗದೆಂದು ಅವನು ನೇರವಾಗಿ ಹೇಳುತ್ತಾನೆ. ಕೊನೆಗೆ ಕಾಗೆಯ ಮಾಂಸವೊಂದನ್ನು ಮಾತ್ರ ಬಿಡುವ ವ್ರತ ತೊಡುತ್ತಾನೆ. ನಗೆ ಬರಿಸುವಷ್ಟು ಚಿಕ್ಕ ವ್ರತವದು. ಮುಂದೆ ಅವನು ಕಾಯಿಲೆ ಬಿದ್ದಾಗ ವೈದ್ಯರು ಹೇಳಿದ ಮದ್ದು ಕಾಗೆಯ ಮಾಂಸವೇ. ಅವನು ಪ್ರಾಣ ಹೋದರೂ ಅದನ್ನು ಮುಟ್ಟುವುದಿಲ್ಲ. ಆ ಜೀವವೇ ಮುಂದೆ ಶ್ರೇಣಿಕ ಮಹಾರಾಜನಾಗಿ ಹುಟ್ಟುತ್ತದೆ. ವ್ರತದ ತೂಕ ಅದರ ಗಾತ್ರದಲ್ಲಿಲ್ಲ, ಅದನ್ನು ಕಾಪಾಡುವ ಗಟ್ಟಿತನದಲ್ಲಿದೆ ಎಂಬುದು ಕಥೆಯ ಸಾರ. ದಿನಕ್ಕೊಂದು ಸತ್ಕಾರ್ಯವೂ ಅಷ್ಟೇ ಚಿಕ್ಕದು. ಜ್ವರ ಬಂದ ದಿನ, ಪರೀಕ್ಷೆಯ ಹಿಂದಿನ ದಿನ, ಗೆಳೆಯನೊಡನೆ ಜಗಳವಾದ ದಿನ ಅದು ಉಳಿಯುತ್ತದೆಯೇ ಎಂಬುದರಲ್ಲಿ ಅದರ ಪರೀಕ್ಷೆಯಿದೆ.

ಕರಾವಳಿಯ ಇಂದಿನ ಪರಿಸ್ಥಿತಿಯಲ್ಲಿ ಇನ್ನೊಂದು ಪರೀಕ್ಷೆಯೂ ಇದೆ. ಬಂಟ್ವಾಳದ ಪರಿಸರವು ಕೋಮುಕಲಹದ ನೋವನ್ನು ಉಂಡಿದೆ. ಒಂದೇ ಬಸ್ಸಿನಲ್ಲಿ ಬರುವ ಮಕ್ಕಳು ಸಂಜೆಯಾದ ಮೇಲೆ ಬೇರೆ ಬೇರೆ ಮೈದಾನಗಳಲ್ಲಿ ಆಡುವುದನ್ನು ಕಲಿತಿದ್ದಾರೆ. ಅಂತಹ ಕಡೆ ಎಲ್ಲರ ಮಿತ್ರನಾಗಿರಬೇಕೆಂಬ ನಿಯಮ ಗೋಡೆಯ ಮೇಲಿನ ಬರಹವಾಗಿ ಉಳಿಯುವುದು ಸುಲಭ. ಅದಕ್ಕೆ ಜೀವ ಬರುವುದು ಶಿಬಿರದ ಒಲೆಯ ಮುಂದೆ. ಕಿರುತಂಡದ ಎಂಟು ಹುಡುಗರು ತಾವೇ ಬೇಯಿಸಿ ಉಣ್ಣಬೇಕು. ಒಬ್ಬ ಮೀನಿಲ್ಲದೆ ಉಂಡು ಗೊತ್ತಿಲ್ಲದವನು, ಒಬ್ಬ ಉಪವಾಸದ ತಿಂಗಳನ್ನು ಆಚರಿಸುವವನು, ಇನ್ನೊಬ್ಬ ಗೆಡ್ಡೆಗೆಣಸು ತಿನ್ನದ, ಸೂರ್ಯಾಸ್ತದೊಳಗೆ ಊಟ ಮುಗಿಸಬೇಕಾದ ಜೈನರ ಮನೆಯವನು. ಶಿಬಿರದ ವೇಳಾಪಟ್ಟಿಯಲ್ಲಿ ರಾತ್ರಿಯ ಊಟಕ್ಕೆ ಮೊದಲು ಅಗ್ನಿಕೂಟವಿದ್ದರೆ ಈ ಕೊನೆಯವನ ಪಾಲನ್ನು ಮೊದಲೇ ಬೇಯಿಸಿ ತೆಗೆದಿಡಬೇಕು. ಅದನ್ನು ಯಾರು ನೆನಪಿಡುತ್ತಾರೆ? ಈರುಳ್ಳಿ ಹಾಕುವ ಮುನ್ನ ಒಂದು ಪಾತ್ರೆ ಸಾರನ್ನು ಬದಿಗಿಡುವ ಹುಡುಗ ಬೇರೆ ಮತದವನಾಗಿರುವುದು ಸಾಮಾನ್ಯ. ಹಾಗೆಯೇ ಉಪವಾಸದ ಗೆಳೆಯನಿಗೆ ಬೆಳಗಿನ ಜಾವ ಒಲೆ ಹಚ್ಚಲು ಎದ್ದವನೂ ಬೇರೆಯವನೇ. ಸರ್ವಧರ್ಮ ಪ್ರಾರ್ಥನೆ ಶಿಬಿರದ ದಿನಚರಿಯ ಭಾಗವಾಗಿದೆ. ಆ ಪ್ರಾರ್ಥನೆಗಿಂತಲೂ ಈ ಬದಿಗಿಟ್ಟ ಪಾತ್ರೆ ಹೆಚ್ಚು ಕಲಿಸುತ್ತದೆ. ಇನ್ನೊಬ್ಬನ ನಂಬಿಕೆಯನ್ನು ಒಪ್ಪದೆಯೇ ಅದನ್ನು ಕಾಪಾಡಿಕೊಡುವ ಬುದ್ಧಿ ಅನೇಕಾಂತದ ಮೊದಲ ಪಾಠವಲ್ಲದೆ ಮತ್ತೇನು?

ಬಾಲಚರನ ಏರುಗತಿಯ ಹಂತಗಳಿಗೆ ಇಟ್ಟ ಹೆಸರುಗಳೂ ಅರ್ಥಪೂರ್ಣವಾಗಿವೆ: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ಬಳಿಕ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಸೋಪಾನವೆಂದರೆ ಮೆಟ್ಟಿಲು. ಜೀವದ ಏರಿಕೆಯನ್ನು ಹದಿನಾಲ್ಕು ಗುಣಸ್ಥಾನಗಳಾಗಿ ವಿವರಿಸಿದ ಜೈನ ಚಿಂತನೆಯಲ್ಲಿ ಅಣುವ್ರತಿಯ ನೆಲೆ ಐದನೆಯದು. ಆದರೆ ಆ ಮೆಟ್ಟಿಲುಗಳಲ್ಲಿ ಜಾರುವಿಕೆಯೂ ಉಂಟು. ಹನ್ನೊಂದನೆಯ ಸ್ಥಾನಕ್ಕೆ ಏರಿದವನೂ ಅಡಗಿದ್ದ ಕಷಾಯಗಳು ಮತ್ತೆ ತಲೆಯೆತ್ತಿದಾಗ ಕೆಳಗೆ ಬೀಳುತ್ತಾನೆ. ತೋಳಿಗೆ ಹೊಲಿದ ಪದಕ ಹಾಗೆ ಬೀಳುವುದಿಲ್ಲ. ಗಳಿಸಿದ್ದು ಗಳಿಸಿದಂತೆ ಉಳಿಯುತ್ತದೆ, ಅದನ್ನು ಧರಿಸಿದವನು ಬದಲಾದರೂ. ಪ್ರಮಾಣಪತ್ರವು ಉದ್ಯೋಗಕ್ಕೆ ನೆರವಾಗುವುದೂ ಉಂಟು. ಭಾರತೀಯ ರೈಲ್ವೆಯ ನೇಮಕಾತಿಯಲ್ಲಿ ಸ್ಕೌಟ್ ಮತ್ತು ಗೈಡ್‌ಗಳಿಗೆ ಪ್ರತ್ಯೇಕ ಅವಕಾಶವಿದೆ. ಬಡವರ ಮನೆಯ ಹುಡುಗನಿಗೆ ಇದು ನಿಜವಾದ ಆಸರೆ, ಅದನ್ನು ಹಗುರವಾಗಿ ನೋಡುವ ಅಧಿಕಾರ ಯಾರಿಗೂ ಇಲ್ಲ. ಆದರೆ ಪದಕಕ್ಕಾಗಿ ಸತ್ಕಾರ್ಯದ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಕುಳಿತು ತುಂಬಿಸಿದಾಗ ನಷ್ಟವಾಗುವುದು ಮೊದಲ ನಿಯಮವೇ. ವಿಶ್ವಾಸಾರ್ಹತೆಯನ್ನು ಸುಳ್ಳು ಬರೆದು ಸಾಧಿಸಲು ಬರುವುದಿಲ್ಲ.

ಈ ಕಾರಣಕ್ಕೆ, ಇಪ್ಪತ್ತರ ಆಸುಪಾಸಿನ ರೋವರ್‌ಗಳಿಗೆ ದೀಕ್ಷೆಯ ಮುನ್ನ ವಿಧಿಸಿರುವ ಏಕಾಂತದ ಆತ್ಮಪರಿಶೀಲನೆ ಬಹಳ ಮಹತ್ತ್ವದ್ದು. ತರುಣ ಒಬ್ಬನೇ ಕುಳಿತು ತನ್ನ ನಡೆಯನ್ನು ತಾನೇ ಪ್ರಶ್ನಿಸಿಕೊಳ್ಳಬೇಕು. ಸೇವೆಗೆ ನಿಜವಾಗಿ ಮನಸ್ಸಿದೆಯೇ, ಬಿಡಲಾಗದ ದುರಭ್ಯಾಸ ಯಾವುದು ಎಂದು ಒಳಗೆ ನೋಡಿಕೊಳ್ಳಬೇಕು. ದಿನದ ಕೊನೆಯಲ್ಲಿ ತಪ್ಪುಗಳನ್ನು ಎಣಿಸಿ ಹಿಂದಿರುಗುವ ಪ್ರತಿಕ್ರಮಣವನ್ನು ಅರಿತವರಿಗೆ ಇದು ಹೊಸದಲ್ಲ. ಪರೀಕ್ಷಕನಿಲ್ಲದ ಈ ಪರೀಕ್ಷೆಯೊಂದೇ ಪದಕಕ್ಕೆ ಸಿಗದ್ದನ್ನು ಅಳೆಯಬಲ್ಲದು.

2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡಬಿದಿರೆಯ ವಿದ್ಯಾಗಿರಿಯಲ್ಲಿ, ಆಳ್ವಾಸ್ ಶಿಕ್ಷಣ ಸಂಸ್ಥೆಯ ಆವರಣದಲ್ಲಿ, ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಅದಕ್ಕೂ ಮೊದಲು 2016ರ ಕೊನೆಯಲ್ಲಿ ನಂಜನಗೂಡಿನ ಬಳಿಯ ಅಡಕನಹಳ್ಳಿಯಲ್ಲಿ ರಾಷ್ಟ್ರೀಯ ಜಾಂಬೂರಿ ನಡೆದಿತ್ತು. 1430ರ ಸಾವಿರ ಕಂಬದ ಬಸದಿಯ ಊರಿಗೆ, ಧವಲಾ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಊರಿಗೆ, ರತ್ನಾಕರವರ್ಣಿಯ ಊರಿಗೆ ಹತ್ತಾರು ಸಾವಿರ ಬಾಲಕ ಬಾಲಕಿಯರು ದೇಶವಿದೇಶಗಳಿಂದ ಬಂದರು. ಮಾಣಿ, ಬೆಳ್ತಂಗಡಿ ಕಡೆಯ ಮಕ್ಕಳಿಗೆ ಬೇರೆ ಭಾಷೆಯ ಗೆಳೆಯನೊಡನೆ ಸ್ಕಾರ್ಫ್ ಬದಲಿಸಿಕೊಳ್ಳುವ, ಎಡಗೈ ಕುಲುಕುವ ಅವಕಾಶ ತಮ್ಮ ಮನೆಯಿಂದ ಒಂದೆರಡು ಗಂಟೆಯ ದಾರಿಯಲ್ಲಿಯೇ ದೊರೆಯಿತು. ಉತ್ಸವಗಳಿಗೆ ಅವುಗಳದೇ ಆದ ಸ್ಥಾನವಿದೆ. ಜಾತ್ರೆಯನ್ನು ಕಂಡ ಮಗು ದೇವಸ್ಥಾನದ ದಾರಿಯನ್ನು ಮರೆಯುವುದಿಲ್ಲ. ಆದರೆ ಜಾತ್ರೆ ವರ್ಷಕ್ಕೊಮ್ಮೆ, ದೀಪ ಹಚ್ಚುವುದು ಪ್ರತಿ ಸಂಜೆ.

ಆ ಪ್ರತಿ ಸಂಜೆಯ ದೀಪವನ್ನು ಹಚ್ಚುವವರು ಶಾಲೆಯ ಒಬ್ಬಿಬ್ಬರು ಅಧ್ಯಾಪಕರು. ತರಗತಿ ಮುಗಿದ ಮೇಲಿನ ಒಂದು ಗಂಟೆ ಅವರ ಸ್ವಂತ ಸಮಯ. ಅದಕ್ಕೆ ವೇತನವಿಲ್ಲ, ಹುಡುಗನ ಅಂಕಪಟ್ಟಿಯಲ್ಲಿ ಅದರ ಸುಳಿವೂ ಇಲ್ಲ. ಹತ್ತನೆಯ ತರಗತಿಗೆ ಬಂದೊಡನೆ ಮನೆಯವರು ಮಗನನ್ನು ದಳದಿಂದ ಬಿಡಿಸುತ್ತಾರೆ. ಅಧ್ಯಾಪಕರಿಗೆ ವರ್ಗವಾದರೆ ದಳವೇ ನಿಂತುಹೋಗುವುದೂ ಉಂಟು, ಆಗ ಹಗ್ಗದ ತುಂಡುಗಳು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಸಂಸ್ಥೆಯ ಬಲವನ್ನು ಅಳೆಯಬೇಕಾದದ್ದು ಜಾಂಬೂರಿಯ ಡೇರೆಗಳನ್ನು ಎಣಿಸಿ ಅಲ್ಲ, ವರ್ಗಾವಣೆಯ ಬಳಿಕವೂ ಮುಂದಿನ ವಾರ ಸೇರಿದ ದಳಗಳನ್ನು ಎಣಿಸಿ. ಬೇಡನ್ ಪೊವೆಲ್ 1941ರ ಜನವರಿ 8ರಂದು ಕೀನ್ಯಾದ ನ್ಯೇರಿಯಲ್ಲಿ ತೀರಿಕೊಂಡನು. ಅವನ ಸಮಾಧಿಕಲ್ಲಿನ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆಯಿದೆ. ದಾರಿಗುರುತುಗಳ ಲಿಪಿಯಲ್ಲಿ ಅದರರ್ಥ ಮನೆಗೆ ಹೋಗಿದ್ದೇನೆ ಎಂದು. ಆ ಗುರುತನ್ನು ಶಾಲೆಯಂಗಳದ ಕೆಂಪು ಮಣ್ಣಿನಲ್ಲಿ ಬರೆಯಲು ಕಲಿತ ಮಕ್ಕಳು ಕನ್ನಡ ನಾಡಿನಲ್ಲಿ ಇನ್ನೂ ಇದ್ದಾರೆ. ಅವರಿಗೆ ವಾರಕ್ಕೊಂದು ಗಂಟೆಯನ್ನು ಕೊಡುವ ಹಿರಿಯನೊಬ್ಬ ಪ್ರತಿ ಶಾಲೆಯಲ್ಲಿಯೂ ಉಳಿದರೆ, ಚರನು ಚಾರಿತ್ರದ ಕಡೆಗೆ ನಡೆಯುವುದು ಅಸಾಧ್ಯವಲ್ಲ.